ಹಕಾರ ಇಲ್ಲದ ಹುರಿಹಿಟ್ಟು

ಸಹಾಯಧನ ಕೇಳಲು ಕಚೇರಿಗೆ ಹೋಗುವವರು ಹೊಟ್ಟೆ ತುಂಬ ಉಂಡು ಹೋಗಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಸಿದವರಿಗೆ ಬೇಗ ಮನೆ ಸೇರುವ ಆಸೆ. ಮೇಜಿನ ಆಚೆಯವರು ಏನು ಹೇಳಿದರೂ ‘ಆಯ್ತು ಸಾರ್’ ಅಂದು ಎದ್ದುಬಿಡುತ್ತಾರೆ. ಉಂಡು ಹೋದವರು ಕೂತು ಕೇಳುತ್ತಾರೆ: ಯಾಕಾಗಲ್ಲ? ಎಲ್ಲಿ ಬರೆದಿದೆ? ಹಾಗಾದರೆ ಯಾವುದಕ್ಕೆ ಆಗುತ್ತದೆ? ಈ ಮೂರನೆಯ ಪ್ರಶ್ನೆಯಲ್ಲೇ ಎಲ್ಲ ಇರುವುದು. ಇದನ್ನು ನನಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಮದುವೆಗೆ ಮುಂಚೆ ಮಳವಳ್ಳಿ ಸಂತೆಯಲ್ಲಿ ಅವ್ವನ ಪಕ್ಕ ಸೊಪ್ಪಿನ ಕಂತೆ ಹರವಿಕೊಂಡು ಕೂರುತ್ತಿದ್ದಾಗ ಕಲಿತದ್ದು. ತಂಗಳು ಮುದ್ದೆಯನ್ನಾದರೂ ತಿಂದು ಬಂದ ದಿನ ನಮ್ಮ ಸೊಪ್ಪಿಗೆ ಒಳ್ಳೆಯ ಬೆಲೆ ಸಿಗುತ್ತಿತ್ತು. ಬರಿಹೊಟ್ಟೆಯಲ್ಲಿ ಬಂದ ದಿನ ಕೇಳಿದ ಬೆಲೆಗೆ ಕೊಟ್ಟು ಎದ್ದು ಬರುತ್ತಿದ್ದೆವು. ಸೊಪ್ಪು ಅದೇ, ಬಾಡುವ ಹೊತ್ತೂ ಅದೇ.

ಹೀಗೆ ಬುದ್ಧಿ ಹೇಳುವ ನಾನೇ ಹೊಟ್ಟೆ ತುಂಬ ಉಂಡು ಹೋಗಿಯೂ ಒಂದು ಅಕ್ಷರಕ್ಕೆ ಸೋತು ಬಂದೆ. ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಸಲು ಸಹಾಯಧನ ಹುಡುಕಿಕೊಂಡು ನಾನು, ನಮ್ಮತ್ತೆ, ಇಬ್ಬರೂ ಮದ್ದೂರಿಗೂ ಮಂಡ್ಯಕ್ಕೂ ಅಲೆದ ವರ್ಷ ಅದು.

ನಮ್ಮ ಅಂಗಡಿ ಮದ್ದೂರಿನ ಹಳೇ ಹೆದ್ದಾರಿಯ ಮೇಲಿದೆ. ಮುಂದೆ ಅಂಗಡಿ, ಹಿಂದೆ ಮನೆ. ನಿಪ್ಪಟ್ಟು, ಕೋಡುಬಳೆ ಇರುತ್ತವೆ, ಆದರೆ ಜನ ಬರುತ್ತಿದ್ದದ್ದು ಅತ್ತೆಯ ರಾಗಿ ಹುರಿಹಿಟ್ಟಿಗೆ. ಸಂಜೆ ರಾಗಿ ನೆನೆಹಾಕಿ, ನೀರು ಬಸಿದು, ಬಟ್ಟೆಯ ಮೇಲೆ ಆರಹಾಕಿ, ಬೆಳಗಿನ ಜಾವ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಅರಳಿಸುತ್ತಾರೆ. ಅರಳಿದ್ದನ್ನು ಬೀಸಿದರೆ ಹಿಟ್ಟು. ಬೆಲ್ಲ, ಕಾಯಿತುರಿ, ಒಂದಿಷ್ಟು ಹಾಲು ಹಾಕಿ ಕಲೆಸಿಕೊಂಡರೆ ಮಕ್ಕಳಿಂದ ಮುದುಕರವರೆಗೆ ಯಾರೂ ಬೇಡ ಅನ್ನುವುದಿಲ್ಲ. ಮೈಸೂರಿಗೆ ಹೋಗುವ ಕಾರಿನವರು, ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಬಂದವರು, ಮುತ್ತತ್ತಿಯ ಆಂಜನೇಯನಿಗೆ ಹರಕೆ ಹೊತ್ತವರು, ಎಲ್ಲರೂ ಆ ವಾಸನೆಗೇ ಗಾಡಿ ನಿಲ್ಲಿಸುತ್ತಿದ್ದರು. ಬೋರ್ಡು ಓದಿ ಒಳಗೆ ಬಂದವರನ್ನು ನಾನು ಕಂಡೇ ಇಲ್ಲ.

ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಟಿತು. ಕಾರುಗಳು ಅದರ ಮೇಲೆಯೇ ಹೋದವು. ವಾಸನೆ ಅಷ್ಟು ದೂರ ಹೋಗುವುದಿಲ್ಲವಲ್ಲ.

ಅದಕ್ಕೂ ಮುಂಚೆ ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

“ಅಮ್ಮಿ, ನಾಳೀಕೆ ಎಷ್ಟ್ ನೆನಾಕ್ಲಿ?”

ನಾನು ಲೆಕ್ಕ ಹಾಕಿ ಇಷ್ಟು ಸೇರು ಅನ್ನುತ್ತಿದ್ದೆ. ಅವರು ಅದಕ್ಕೊಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದರು, ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಅತ್ತೆ ಸೊಸೆ ಜಗಳವಾಡಿದ ದಿನವೂ ಆ ಒಂದು ಮಾತು ನಿಂತದ್ದಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡಾದರೂ ಕೇಳುತ್ತಿದ್ದರು. ಹೊಸ ರಸ್ತೆ ಬಂದ ಮೇಲೆ ಸೇರು ಕಡಿಮೆಯಾಗುತ್ತ ಪಾವಿಗೆ ಇಳಿಯಿತು. ಆಮೇಲೆ ಒಂದು ಸಂಜೆ ಅವರು ಕೇಳಲೇ ಇಲ್ಲ. ಹಿಂದಿನ ದಿನದ ಹಿಟ್ಟೇ ಡಬ್ಬಿಯಲ್ಲಿ ಹಾಗೇ ಉಳಿದಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. “ಅತ್ತೆ, ಯುಗಾದಿಗಂಟ ನೋಡಣ. ಆಗ್ಲಿಲ್ಲಾಂದ್ರೆ ಅಂಗ್ಡಿ ಬಾಗ್ಲಾಕಣ. ಮುಂದ್ಲ ಜಾಗ ಯಾರಿಗಾರಾ ಬಾಡ್ಗೆಗೆ ಕೊಟ್ರೆ ಅದೇ ಬತ್ತದೆ.”

ಮಾತಿನಲ್ಲಿ ತಪ್ಪೇನಿರಲಿಲ್ಲ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ನಮ್ಮ ಯಜಮಾನರಿಗೆ ಸಂಬಳ ಬರುತ್ತಿತ್ತು, ಮನೆ ನಡೆಯುತ್ತಿತ್ತು. ಅತ್ತೆ ಸಾರು ಬಡಿಸುತ್ತ ಅಂದರು:

“ಊಂ, ಬುಡು. ನಂಗೂ ತೋಳ್ನೋವು.”

ಆಮೇಲೆ ಯಾರಿಗೂ ಅಲ್ಲದೆ, ಸೌಟಿಗೆ ಹೇಳಿದಂತೆ:

“ಒತ್ತಾರೆ ಎದ್ಬುಟ್ಟು ನಾನೇನ್ ಮಾಡ್ಲಿ ಅಂತ.”

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಅಂಗಡಿಯನ್ನು ಅಂಗಡಿ ಅಂತ ನೋಡಿದ್ದೆ. ಅವರಿಗೆ ಅದು ಬೆಳಗಾಗುವ ರೀತಿ.

ಅದಾದ ಸ್ವಲ್ಪ ದಿನಕ್ಕೆ ಹಳೆಯ ಗಿರಾಕಿಯೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಹೊಸ ರಸ್ತೆಯಿಂದ ಇಳಿದು, ದಾರಿ ತಪ್ಪಿ, ಕೇಳಿಕೊಂಡು ಬಂದಿದ್ದರಂತೆ. “ಏನಮ್ಮಾ, ಫೋನಲ್ಲಿ ಹುಡುಕಿ ಹುಡುಕಿ ಸಾಕಾಯ್ತು. ನೀವು ಎಲ್ಲೂ ಇಲ್ವಲ್ಲ!” ಅಂದರು. ಇಷ್ಟು ವರ್ಷ ಇದೇ ಜಾಗದಲ್ಲಿ ಕೂತಿದ್ದೇನೆ, ಇವರು ನೋಡಿದರೆ ಎಲ್ಲೂ ಇಲ್ಲ ಅನ್ನುತ್ತಾರೆ. ಅವತ್ತೇ ತೀರ್ಮಾನಿಸಿದೆ, ವೆಬ್‌ಸೈಟ್ ಆಗಬೇಕು. ಅದಕ್ಕೆ ನನ್ನ ಗಂಟು ಕರಗಬಾರದು. ಸಣ್ಣ ವ್ಯಾಪಾರದವರಿಗೆ ಗ್ರಾಂಟು ಕೊಡುತ್ತಾರೆ ಅಂತ ಪೇಪರಿನಲ್ಲಿ ಓದಿದ್ದೆ.

ಅತ್ತೆಗೆ ಹೇಳಿದೆ. ಅವರ ಮುಖ ಅರಳಿತು.

“ಗ್ರಾಂಟಾ? ಎಲ್ಲಮ್ಮಿ? ನೀರಾವರೀನಾ, ಕುಸ್ಕೀನಾ?”

ನಮ್ಮ ಕಡೆ ಗ್ರಾಂಟು ಅಂದರೆ ಸರ್ಕಾರ ಮಂಜೂರು ಮಾಡುವ ಜಮೀನು, ನೀರಾವರಿಯದೋ ಮಳೆ ನಂಬಿದ ಕುಷ್ಕಿಯೋ. ಅತ್ತೆಯ ತವರಿನವರಿಗೆ ಹಾಗೆ ಸಿಕ್ಕ ಒಂದು ತುಂಡು ಹೊಲ ಇತ್ತು.

“ಜಮೀನಲ್ಲ ಕಣತ್ತೆ, ವೆಬ್‌ಸೈಟಿಗೆ.”

“ಅಂಗಂದ್ರೆ ಸೈಟಾ?”

“ಸೈಟೇ, ಆದ್ರೆ ಮನೆ ಕಟ್ಟಾಕಾಗಲ್ಲ. ಫೋನೊಳಗೆ ಇರ್ತದೆ.”

“ಫೋನೊಳಗಿರೋ ಸೈಟ್ಗೆ ಖಾತೆ ಮಾಡ್ಕೊಡೋರ್ಯಾರು?” ಅಂದರು. ನಗಬೇಡಿ. ಆಮೇಲೆ ನೋಡಿದರೆ ಅದೇ ಸರಿಯಾದ ಪ್ರಶ್ನೆ. ವೆಬ್‌ಸೈಟಿನ ಹೆಸರು ಯಾರ ಹೆಸರಿನಲ್ಲಿ ಕೊಂಡಿರುತ್ತಾರೋ ಅವರದೇ ಅದು. ಮಾಡಿಕೊಟ್ಟವರ ಹೆಸರಿನಲ್ಲೇ ಉಳಿದುಬಿಟ್ಟರೆ ನಾಳೆ ಅವರು ಹೇಳಿದ ಹಾಗೆ ನೀವು ಕೇಳಬೇಕು. ಮೊದಲೇ ಬರೆಸಿಕೊಳ್ಳಿ.

ಬ್ಯಾಂಕಿಗೆ ಹೋದೆ. ರಾಗಿ ಬೀಸುವ ಮೆಷಿನ್ನಿಗಾದರೆ ಸಾಲ ಇದೆ, ಸಬ್ಸಿಡಿ ಇದೆ, ವೆಬ್‌ಸೈಟ್ ಅನ್ನುವುದು ಕಣ್ಣಿಗೆ ಕಾಣುವ ಆಸ್ತಿ ಅಲ್ಲ ಅಂದರು. ಮಂಡ್ಯದಲ್ಲಿ ಟೀ ಅಂಗಡಿಯ ಮುಂದೆ ಒಬ್ಬ ಬ್ರೋಕರು ಸಿಕ್ಕಿದ. ಬಿಳಿ ಶರ್ಟು, ಕಂಕುಳಲ್ಲಿ ಫೈಲು.

“ಅಕ್ಕಾ, ಪೂರ್ತಿ ಗ್ರಾಂಟ್ ಮಾಡಿಸ್ಕೊಡ್ತೀನಿ. ಒಂದ್ರೂಪಾಯಿ ವಾಪಸ್ ಕಟ್ಟಂಗಿಲ್ಲ. ಫೈಲ್ ಚಾರ್ಜ್ ಮಾತ್ರ ಮೊದ್ಲೇ ಕೊಟ್ಬುಡಿ.”

“ಆಗ್ಲಿ ಕಣಪ್ಪ. ಗ್ರಾಂಟು ಬಂದ್ ದಿನ ನೀನ್ ಕೇಳಿದ್ದರ ಎರಡರಷ್ಟು ಕೊಡ್ತೀನಿ. ಇವತ್ತು ಟೀ ಕುಡ್ಸ್ತೀನಿ.”

“ಅಂಗಾಗಲ್ಲಕ್ಕಾ.”

“ಎರಡರಷ್ಟು ಬ್ಯಾಡ್ವಾ? ಮೂರರಷ್ಟು ತಕ್ಕೊ.”

ಅವನು ಟೀಯನ್ನೂ ಕುಡಿಯದೆ ಹೋದ. ಇದನ್ನು ನೆನಪಿಟ್ಟುಕೊಳ್ಳಿ. ದುಡ್ಡು ಬಂದ ಮೇಲೆ ಜಾಸ್ತಿ ಕೊಡುತ್ತೇನೆ ಅಂದರೂ ಒಪ್ಪದವನಿಗೆ ದುಡ್ಡು ಬರುವುದಿಲ್ಲ ಅನ್ನುವುದು ಮೊದಲೇ ಗೊತ್ತಿರುತ್ತದೆ. ಸಣ್ಣ ಉದ್ಯಮ ಅಂತ ನೋಂದಾಯಿಸಿಕೊಳ್ಳಲು ಸರ್ಕಾರ ಒಂದು ರೂಪಾಯಿಯೂ ಕೇಳುವುದಿಲ್ಲ. ಅದಕ್ಕೂ ದುಡ್ಡು ಕೇಳುವವರಿದ್ದಾರೆ.

ಕಡೆಗೆ ಸಣ್ಣ ಉದ್ಯಮದವರ ಅರ್ಜಿ ನೋಡುವ ಕಚೇರಿಯಲ್ಲಿ ಒಬ್ಬ ಮೇಡಂ ಸಿಕ್ಕಿದರು. ನನ್ನ ವಯಸ್ಸಿನವರೇ. ವೆಬ್‌ಸೈಟಿಗೆ ಅಂತಲೇ ಯಾವ ಯೋಜನೆಯೂ ಇಲ್ಲ ಅಂದರು. ನಾನು ಕೂತೇ ಇದ್ದೆ. “ಹಾಗಾದ್ರೆ ಯಾವುದಕ್ಕೆ ಆಗುತ್ತೆ ಮೇಡಂ?” ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಒಬ್ಬರೇ ಬಂದರೆ ಆಗದು, ಹೆಂಗಸರ ಸಂಘದ ಹೆಸರಿನಲ್ಲಿ ತಿಂಡಿ ಮಾಡಿ ಮಾರುತ್ತಿದ್ದರೆ ಮಾರಾಟ ಪ್ರಚಾರದ ಬಾಬ್ತಿನಲ್ಲಿ ಖರ್ಚಿನ ಒಂದು ಪಾಲು ಸಿಗುತ್ತದೆ, ಅದರೊಳಗೆ ವೆಬ್‌ಸೈಟನ್ನೂ ಸೇರಿಸಬಹುದು, ಆದರೆ ಮೊದಲು ಕೊಟೇಶನ್ ತನ್ನಿ, ಮಂಜೂರಾಗುವ ಮುಂಚೆ ಬಿಲ್ ಕಟ್ಟಬೇಡಿ, ಕಟ್ಟಿದರೆ ಅದು ಲೆಕ್ಕಕ್ಕೆ ಬರಲ್ಲ ಅಂದರು. ಈ ಕೊನೆಯ ಮಾತು ಗೊತ್ತಿಲ್ಲದೆ ಎಷ್ಟು ಜನ ಮೊದಲು ಕಟ್ಟಿ ಆಮೇಲೆ ಅರ್ಜಿ ಹಾಕಿ ಬಾಯಿ ಬಡಿದುಕೊಂಡಿದ್ದಾರೆ.

ನಮ್ಮ ಬೀದಿಯ ಹೆಂಗಸರ ಸಂಘ ಇದ್ದೇ ಇತ್ತು. ಹುರಿಯುವುದು ಅತ್ತೆ, ಪೊಟ್ಟಣ ಕಟ್ಟುವುದು ಸಂಘದವರು. ಆಹಾರದ ಲೈಸೆನ್ಸೂ ಸಂಘದ ಹೆಸರಿನಲ್ಲೇ ಇತ್ತು, ಅದರಲ್ಲಿ ‘ರಾಗಿ ಹುರಿಹಿಟ್ಟು’ ಅಂತ ಅಚ್ಚಾಗಿತ್ತು. ಇನ್ನು ಬೇಕಾದದ್ದು ಕೊಟೇಶನ್.

ವೆಬ್‌ಸೈಟ್ ಮಾಡುವ ಹುಡುಗಿ ಧಾರವಾಡದ ಕಡೆಯವಳು, ಮದುವೆಯಾಗಿ ಮಂಡ್ಯಕ್ಕೆ ಬಂದು ಆಗಷ್ಟೇ ಒಂದು ಸಣ್ಣ ಆಫೀಸು ತೆರೆದಿದ್ದಳು. ನಾನು ಅವಳಿಗೆ ನೇರವಾಗಿ ಹೇಳಿದೆ: ಈಗ ಕೈಯಲ್ಲಿ ಕಾಸಿಲ್ಲ, ಮಂಜೂರಾದ ಮೇಲೆ ಕೊಡುತ್ತೇನೆ, ಆದರೆ ಅರ್ಜಿ ಮಂಜೂರು ಮಾಡುವ ಕಮಿಟಿಯವರಿಗೆ ತೋರಿಸಲು ಒಂದು ಪುಟ ಮೊದಲೇ ಮಾಡಿಡಬೇಕು, ಹೆಸರನ್ನೂ ನೀನೇ ಕೊಂಡಿಡಬೇಕು, ಮಂಜೂರಾದ ದಿನ ಸಂಘಕ್ಕೆ ಬರೆದುಕೊಡಬೇಕು.

“ಅಲ್ರಿ ಅಕ್ಕಾರ, ಎಲ್ಲಾ ನಾನ ಮಾಡಿದ್ರ ನನಗೇನ್ ಸಿಗತೈತ್ರಿ?”

“ಹಳೇ ರೋಡಲ್ಲಿ ನನ್ನಂಗೇ ನೊಣ ಹೊಡ್ಕೊಂಡು ಕೂತಿರೋ ಅಂಗಡಿ ಎಷ್ಟಿದಾವೆ ಗೊತ್ತೇನವ್ವ? ನನ್ನದು ಚೆನ್ನಾಗಾದ್ರೆ ಒಬ್ಬೊಬ್ಬರನ್ನೂ ಕೈ ಹಿಡ್ಕೊಂಡು ನಿನ್ನತ್ರ ಕರ್ಕೊಂಡ್ ಬತ್ತೀನಿ.”

ಅವಳು ನಕ್ಕಳು. “ನೀವು ಭಾರೀ ಅದೀರಿ ಬಿಡ್ರಿ” ಅಂದಳು, ಒಪ್ಪಿದಳು. ಚೌಕಾಸಿ ಅಂದರೆ ಬೆಲೆ ಇಳಿಸುವುದು ಅಂತ ತಿಳಿದವರೇ ಬಹಳ. ಎದುರಿನವರಿಗೆ ಬೇಕಾದದ್ದು ನಮ್ಮ ಹತ್ತಿರ ಏನಿದೆ ಅಂತ ಹುಡುಕುವುದೇ ಚೌಕಾಸಿ.

ಎರಡು ದಿನ ಬಿಟ್ಟು ಅವಳು ಅಂಗಡಿಗೆ ಫೋನು ಮಾಡಿದಳು. ನಾನು ಸಂತೆಗೆ ಹೋಗಿದ್ದೆ. ಅತ್ತೆ ಎತ್ತಿದರು. ಆ ಮಾತುಕತೆಯನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದೇನೆ, ಈಗಲೂ ಕೇಳಿಸಿಕೊಂಡರೆ ಬೇಸರವಾಗುವುದಿಲ್ಲ.

“ಹಲೋ, ನಮಸ್ಕಾರ್ರಿ. ವೆಬ್‌ಸೈಟಿಗೆ ಹೆಸರ ಏನ ಇಡೂಣ್ರಿ?”

“ಯಾರ್ಗೆ?”

“ನೀವು ಮಾರ್ತೀರಲ್ರಿ, ಅದರ ಹೆಸರ್ರಿ.”

“ಉರಿಟ್ಟು ಕಣವ್ವ.”

“ಏನಂದ್ರಿ?”

“ಉರಿಟ್ಟು! ಉರಿಟ್ಟು ಗೊತ್ತಿಲ್ವಾ? ಯಾವೂರು ನಿಂದು?”

“ಧಾರವಾಡ್ರಿ.”

“ಅದ್ಕೇಯ. ಬಾ, ಕಲ್ಸ್‌ಕೊಡ್ತೀನಿ, ತಿಂದೋಗೀವಂತೆ.”

ಆ ಹುಡುಗಿ ಪ್ರಾಮಾಣಿಕಳು, ಕೇಳಿದ್ದನ್ನು ಕೇಳಿದಂತೆಯೇ ಬರೆದಳು. ನಮ್ಮ ಬಾಯಲ್ಲಿ ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ಹೊಸ ಪದ, ಮಂಡ್ಯ ಕಡೆಯ ತಿಂಡಿ ಅಂದುಕೊಂಡಳು. ವೆಬ್‌ಸೈಟಿನ ಹೆಸರು ಇಂಗ್ಲಿಷಿನಲ್ಲಿ ಎಚ್ ಇಲ್ಲದೆ ಯು ಅಕ್ಷರದಿಂದ ಶುರುವಾಯಿತು. ಕೊಟೇಶನ್ನಿನ ಮೇಲೆ ಕನ್ನಡದಲ್ಲಿ ದಪ್ಪಗೆ ‘ಉರಿಟ್ಟು’.

ನೀನು ನೋಡಲಿಲ್ಲವಾ ಅಂತ ಕೇಳುತ್ತೀರಿ. ನೋಡಿದೆ. ಒಂದೊಂದು ದರದ ಮೇಲೂ ಬೆರಳಿಟ್ಟು ನೋಡಿದೆ, ಎರಡು ಕಡೆ ಇಳಿಸಿದೆ ಕೂಡ. ಹೆಸರನ್ನೂ ಓದಿದೆ. ಉರಿಟ್ಟು. ಸರಿಯಾಗಿಯೇ ಇದೆ ಅನ್ನಿಸಿತು. ಹುಟ್ಟಿದಂದಿನಿಂದ ಅದು ನನ್ನ ಕಿವಿಗೆ ಬಿದ್ದದ್ದು ಹಾಗೇ ಅಲ್ಲವೆ.

ಮಂಡ್ಯದಲ್ಲಿ ಕಮಿಟಿಯವರು ಕರೆದ ದಿನ ಅತ್ತೆ ಜರಿ ಅಂಚಿನ ಸೀರೆ ಉಟ್ಟರು. ಮನೆಯಲ್ಲೇ ಮುದ್ದೆ ಉಂಡು ಹೊರಟೆವು. ಮೇಜಿನ ಆಚೆ ಕೂತಿದ್ದ ಹಿರಿಯ ಅಧಿಕಾರಿ ನಮ್ಮ ಕೊಟೇಶನ್ ಹಿಡಿದು ಓದಿದರು, ಹುಬ್ಬು ಗಂಟಿಕ್ಕಿದರು.

“ಉರಿಟ್ಟು? ಇದೇನಮ್ಮ, ಖಾರದಪುಡಿಯಾ?”

“ಇಲ್ಲ ಸಾರ್, ಹಿಟ್ಟು” ಅಂದೆ.

“ಲೈಸೆನ್ಸಲ್ಲಿ ಹುರಿಹಿಟ್ಟು ಅಂತಿದೆ. ಕೊಟೇಶನ್ನಲ್ಲಿ, ವೆಬ್‌ಸೈಟಲ್ಲಿ ಬೇರೆ ಹೆಸರಿದೆ. ಎರಡು ಬೇರೆ ಬೇರೆ ಪದಾರ್ಥ ಅಂತ ನಾಳೆ ಆಡಿಟ್‌ನವರು ಕೇಳ್ತಾರೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಸರಿ ಮಾಡ್ಕೊಂಡು ಬನ್ನಿ, ಮುಂದಿನ ಸಲ ನೋಡೋಣ.”

“ಮುಂದಿನ ಸಲ ಯಾವಾಗ ಸಾರ್?”

“ಯುಗಾದಿ ಕಳೀಲಿ.”

ಅಲ್ಲಿ ನಾನು ಮೂರನೆಯ ಪ್ರಶ್ನೆ ಕೇಳಬೇಕಿತ್ತು. ಹೊಟ್ಟೆಯೂ ತುಂಬಿತ್ತು. ಆದರೆ ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಯಾರ ಬಾಯಿಂದ ಆ ಹೆಸರು ಹೋಯಿತು ಅಂತ ಅವರಿಗೆ ಅರ್ಥವಾಗಿಬಿಟ್ಟಿತ್ತು. ಯುಗಾದಿ ಅಂದರೆ ಏನು ಅಂತಲೂ. “ಆಯ್ತು ಸಾರ್” ಅಂದು ಎದ್ದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಗೆಜ್ಜಲಗೆರೆ ಸ್ಟಾಪಿನಲ್ಲಿ ಶಿಫ್ಟ್ ಮುಗಿಸಿದ ಕಾರ್ಖಾನೆಯವರು ಹತ್ತಿ ಗಲಾಟೆಯಾಯಿತು. ಆ ಗಲಾಟೆಯ ಮರೆಯಲ್ಲಿ ಅಂದರು:

“ನನ್ ಬಾಯಿಂದ ಆಳಾಯ್ತು ಕಣಮ್ಮಿ.”

“ನಿಮ್ ಬಾಯೊಂದೇನಾ? ನಾನೂ ಓದ್ದೆ, ನಂಗೂ ಗೊತ್ತಾಗ್ನಿಲ್ಲ. ಇದು ಊರ್ ಬಾಯಿ ಕಣತ್ತೆ, ಸುಮ್ಕಿರಿ.”

“ಊರ್ ಬಾಯಾದ್ರೆ ಊರೋರಿಗೆಲ್ಲ ಆಯ್ತದೆ. ಇದು ನಂಗೇ ಯಾಕಾಯ್ತು?”

ನಾನು ಅವರ ಕೈ ಹಿಡಿದುಕೊಂಡೆ. ಬಾಣಲೆಯ ಕಾವಿಗೆ ಒರಟಾದ ಕೈ. ಅಷ್ಟು ವರ್ಷದಲ್ಲಿ ನಾನು ಅದನ್ನು ಹಿಡಿದದ್ದು ಅದೇ ಮೊದಲಿರಬೇಕು. ಬಿಡಿಸಿಕೊಳ್ಳಲಿಲ್ಲ ಅವರು.

ಮಾರನೆಯ ಬೆಳಿಗ್ಗೆ ಒಲೆಯ ಮುಂದೆ ಏನೋ ಸದ್ದು ಕೇಳಿ ಎದ್ದು ಬಂದೆ. ಅತ್ತೆ ಊದುಗೊಳವೆ ಹಿಡಿದು ಕೂತಿದ್ದಾರೆ. ಒಂದು ಸಲ ಊದುವುದು, ಕೊಳವೆ ತೆಗೆದು “ಹ... ಹ... ಉರಿಟ್ಟು” ಅನ್ನುವುದು, ತಲೆ ಅಲ್ಲಾಡಿಸುವುದು. ಮತ್ತೆ ಊದುವುದು.

“ಏನ್ ಮಾಡ್ತಿದೀರಿ ಅತ್ತೆ?”

“ನೋಡಮ್ಮಿ, ಊದಾಕಾದ್ರೆ ಎಷ್ಟ್ ಬೇಕಾದ್ರೂ ಬತ್ತದೆ ಈ ಆಳಾದ್ ಹ. ಮಾತಾಡಾಕೆ ಒಂಟ್ರೆ ನಾಲ್ಗೆ ತುದೀಲೇ ಕುಂತ್ಕತದೆ.”

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಹೊಗೆಗೋ ಏನೋ ಕಣ್ಣು ಒರೆಸಿಕೊಂಡರು. ನಾನು ಪಕ್ಕ ಕೂತೆ. ಇಬ್ಬರೂ ಮಕ್ಕಳ ಹಾಗೆ “ಹುರಿ, ಹುರಿ” ಅಂತ ಹೇಳಿಕೊಂಡೆವು. ನಾನು ಹೈಸ್ಕೂಲಿಗೆ ಹೋದವಳು, ನನಗೆ ಬಂತು. ಅವರಿಗೆ ಬರಲಿಲ್ಲ. ಅವತ್ತು ಬಾಣಲೆಯಲ್ಲಿ ಇದ್ದದ್ದು ಒಂದೇ ಪಾವು ರಾಗಿ, ಅದೂ ಮನೆಗೇ.

ಧಾರವಾಡದ ಹುಡುಗಿಗೆ ಫೋನು ಮಾಡಿದೆ. “ಅಯ್ಯ ಶಿವನ, ತಪ್ಪಾತ್ರಿ ಅಕ್ಕಾರ! ಕೊಂಡ ಹೆಸರ ತಿದ್ದಾಕ ಬರಂಗಿಲ್ಲರಿ, ಹೊಸಾದ ಕೊಳ್ಳಬೇಕು. ನನ್ನ ಖರ್ಚಿನಾಗ ಮಾಡಿಕೊಡ್ತೇನ್ರಿ. ಈಗ ತವರಿಗೆ ಬಂದೇನಿ, ಬಂದಕೂಡ್ಲೆ ಹಳೇದನ್ನ ತೆಗೀತೇನಿ” ಅಂದಳು. ಅಲ್ಲಿಯವರೆಗೆ ಆ ತಪ್ಪು ಹೆಸರಿನ ಪುಟ, ಅತ್ತೆ ಬಾಣಲೆಯ ಮುಂದೆ ಕೂತ ಒಂದು ಫೋಟೋ, ಅಂಗಡಿಯ ಫೋನ್ ನಂಬರು, ಎಲ್ಲ ಹಾಗೇ ತೆರೆದುಕೊಂಡಿತ್ತು.

ಒಂದು ಮಧ್ಯಾಹ್ನ ಫೋನು ಬಂತು. ಹೆಂಗಸಿನ ದನಿ. ಕೊಯಮತ್ತೂರಿನಿಂದ ಮಾತಾಡುತ್ತಿದ್ದೇನೆ ಅಂದರು, ಮೊದಲು ತಡವರಿಸಿ, ನಮ್ಮ ಮಾತು ಕಿವಿಗೆ ಬಿದ್ದ ಕೂಡಲೇ ಜೋರಾಗಿ.

“ಅಕ್ಕಾ, ನಂದು ಮಳವಳ್ಳಿ ಕಡೆ. ಮಗಳು ಬಸುರಿ. ಏನ್ ಕೊಟ್ರೂ ವಾಂತಿ. ಅಜ್ಜಿ ಮಾಡ್ಕೊಡ್ತಿದ್ಲಲ್ಲ ಉರಿಟ್ಟು, ಅದು ಬೇಕು ಅಂತ ಅಳ್ತಾ ಕುಂತವ್ಳೆ. ನಮ್ಮವ್ವ ಇಲ್ಲ ಈಗ. ನಿಮ್ಮತ್ರ ಸಿಕ್ತದಾ?”

ನಮ್ಮನ್ನು ಹೇಗೆ ಹುಡುಕಿದಿರಿ ಅಂತ ಕೇಳಿದೆ.

“ಮೊದ್ಲು ಪುಸ್ತಕದಲ್ಲಿರೋ ಥರ ಎಚ್ ಹಾಕಿ ಬರ್ದೆ. ದೊಡ್ಡ ದೊಡ್ಡ ಕಂಪ್ನಿ ಪ್ಯಾಕೆಟ್ಟೇ ಬಂದೋ. ಆಮೇಲೆ ನಮ್ಮವ್ವ ಹೇಳ್ತಿದ್ದಂಗೇ ಬರ್ದೆ. ನೀವೊಬ್ರೇ ಬಂದ್ರಿ. ಆ ಅಜ್ಜಿ ಫೋಟೋ ನೋಡಿ ನನ್ ಮಗಳು ಇವ್ರೇ ಅಂದ್ಲು.”

ನಾನು ಅತ್ತೆಯ ಕೈಗೆ ಫೋನು ಕೊಟ್ಟೆ. ಅವರು ಹೊಸ್ತಿಲ ಮೇಲೆ ಕೂತುಕೊಂಡು ಮಾತಾಡಿದರು. ಬಸುರಿಗೆ ಎಷ್ಟು ತಿಂಗಳು, ಹಾಲು ಹಿಡಿಸುತ್ತದಾ, ಹಿಡಿಸದಿದ್ದರೆ ಬಿಸಿನೀರಲ್ಲೇ ಕಲೆಸು, ಬೆಲ್ಲ ಕಡಿಮೆ ಹಾಕು, ಒಂದೇ ಸಲಕ್ಕೆ ಜಾಸ್ತಿ ಕೊಡಬೇಡ. ಆಚೆಯಿಂದ ಮಗಳೇ ಫೋನು ಇಸಕೊಂಡಳು ಅಂತ ಕಾಣುತ್ತದೆ. ಅತ್ತೆಯ ದನಿ ಇಳಿಯಿತು.

“ಅಳ್ಬ್ಯಾಡ ಕಣವ್ವ. ಉರ್ದು ಕಳುಸ್ತೀನಿ, ಬಿಸಿ ಆರೋ ಮುಂಚೇನೇ ಕಟ್ಬುಟ್ಟು ಕಳುಸ್ತೀನಿ. ಅಳ್ಬ್ಯಾಡ.”

ಕೊಯಮತ್ತೂರಿಗೆ ಬಿಸಿ ಆರದ ಹಾಗೆ ಯಾವ ಅಂಚೆಯವರು ಮುಟ್ಟಿಸುತ್ತಾರೆ ಅಂತ ನಾನು ಕೇಳಲಿಲ್ಲ. ಪಾರ್ಸಲ್ ಕಟ್ಟಿದೆ. ಅತ್ತೆ ನನಗೆ ಕಾಣಲಿಲ್ಲ ಅಂದುಕೊಂಡು ಅದರೊಳಗೆ ಒಂದು ಅಚ್ಚು ಬೆಲ್ಲ ತುರುಕಿದರು. ತೂಕ ಜಾಸ್ತಿಯಾದರೆ ಅಂಚೆ ಖರ್ಚೂ ಜಾಸ್ತಿ. ಆದರೂ ಹಾಗೇ ಅಂಚೆಗೆ ಹಾಕಿದೆ.

ಆ ಹೆಂಗಸು ತನ್ನ ಕಡೆಯವರಿಗೆಲ್ಲ ಹೇಳಿರಬೇಕು. ಫೋನುಗಳು ಬರತೊಡಗಿದವು, ರಾಶಿ ರಾಶಿ ಏನಲ್ಲ, ಒಂದು ಹೊಸೂರಿಂದ, ಒಂದು ಶಿವಮೊಗ್ಗದಿಂದ. ಎಲ್ಲರೂ ನಮ್ಮ ಸೀಮೆ ಬಿಟ್ಟು ಹೋದವರು, ಎಲ್ಲರೂ ತಂತಮ್ಮ ಅವ್ವ ಹೇಳುತ್ತಿದ್ದಂತೆ ಬರೆದು ಹುಡುಕಿದವರು. ಕಾಗದದಲ್ಲಿ ತಪ್ಪಾದ ಹೆಸರು ನಮ್ಮವರ ಕೈಗೆ ಮಾತ್ರ ಸಿಗುವ ಹೆಸರಾಗಿತ್ತು.

ಧಾರವಾಡದಿಂದ ಹುಡುಗಿ ವಾಪಸು ಬಂದು, “ತೆಗೀಲೇನ್ರಿ?” ಅಂದಾಗ, “ಕೈ ಇಟ್ಟೀಯ ಜೋಕೆ” ಅಂದೆ. ಚೆನ್ನಾಗಿ ಉಂಡು ಮಂಡ್ಯಕ್ಕೆ ಹೋದೆ. ಮೊದಲು ದಾರಿ ಹೇಳಿದ್ದ ಮೇಡಂ ಎದುರು ಕೂತು ಅವತ್ತು ಬಿಟ್ಟಿದ್ದ ಪ್ರಶ್ನೆ ಕೇಳಿದೆ. “ಹೆಸರು ಬದಲಾಯಿಸೋಕೆ ನಂಗಿಷ್ಟ ಇಲ್ಲ ಮೇಡಂ. ಹಾಗಾದ್ರೆ ಯಾವ ಥರ ಆದ್ರೆ ಆಗುತ್ತೆ?”

ಅವರು ಸ್ವಲ್ಪ ಯೋಚಿಸಿ, ಪದಾರ್ಥ ರಾಗಿ ಹುರಿಹಿಟ್ಟು, ಮಾರುವ ಹೆಸರು ಉರಿಟ್ಟು ಅಂತ ಲೈಸೆನ್ಸು, ಕೊಟೇಶನ್ನು, ಪೊಟ್ಟಣದ ಚೀಟಿ ಎಲ್ಲದರಲ್ಲೂ ಒಂದೇ ಥರ ಇದ್ದರೆ ಯಾರೂ ಏನೂ ಕೇಳುವುದಿಲ್ಲ ಅಂದರು. ಅಷ್ಟೇ ಆಗಿತ್ತು. ನಿಮ್ಮ ಅರ್ಜಿಯೂ ವಾಪಸು ಬಂದರೆ ಬೇಸರ ಮಾಡಿಕೊಂಡು ಅದನ್ನು ಟ್ರಂಕಿನಲ್ಲಿ ಇಡಬೇಡಿ. ಬೇಡ ಅಂದವರನ್ನೇ ದಾರಿ ಕೇಳಿ. ಅವರಿಗೆ ಗೊತ್ತಿರುವಷ್ಟು ಬ್ರೋಕರಿಗೆ ಗೊತ್ತಿರುವುದಿಲ್ಲ. ನಮ್ಮ ಸಹಾಯಧನ ಬಂದದ್ದು ಆಮೇಲೆ ಮಳೆಗಾಲದಲ್ಲಿ, ಕೇಳಿದ್ದಕ್ಕಿಂತ ಕಡಿಮೆ. ಹುಡುಗಿಯ ಬಾಕಿ ತೀರಿಸಿದೆ. ಹೆಸರನ್ನು ಅವಳು ಸಂಘಕ್ಕೆ ಬರೆದುಕೊಟ್ಟಳು. “ಖಾತೆ ಆಯ್ತಾ?” ಅಂತ ಅತ್ತೆ ಕೇಳಿದರು. ಆಯ್ತು ಅಂದೆ. ಮಾತು ಕೊಟ್ಟಂತೆ ಹಳೇ ರೋಡಿನ ಅಂಗಡಿಯವರನ್ನು ಅವಳ ಹತ್ತಿರ ಕರೆದುಕೊಂಡೂ ಹೋದೆ. ಈಗ ಅವಳು ಹೊಸಬರ ಹತ್ತಿರ ಹೆಸರು ಕೇಳಿದಾಗ, “ಹ ಐತೇನ್ರಿ ಅದರಾಗ?” ಅಂತ ಎರಡೆರಡು ಸಲ ಕೇಳುತ್ತಾಳೆ.

ಆದರೆ ನಾನು ಮರೆಯದೆ ಇಟ್ಟುಕೊಂಡಿರುವುದು ಆ ದುಡ್ಡು ಬಂದ ದಿನವನ್ನಲ್ಲ. ಯುಗಾದಿಯ ಹಿಂದಿನ ಸಂಜೆಯನ್ನು. ಮಂಜೂರಾತಿಯ ಸುದ್ದಿಯೇ ಇರಲಿಲ್ಲ ಆಗ. ರಸ್ತೆಯಲ್ಲಿ ಗಿರಾಕಿ ಇರಲಿಲ್ಲ, ಫೋನೂ ಆಗೊಂದು ಈಗೊಂದು. ನಾನು ಹಾಕಿದ್ದ ಗಡುವು ಮಾತ್ರ ನಮ್ಮಿಬ್ಬರ ನಡುವೆ ಕೂತಿತ್ತು. ಅತ್ತೆ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದರು, ಬೇವು ಬೆಲ್ಲ ತೆಗೆದಿಟ್ಟರು. ಬಾಣಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದು ಗೋಡೆಗೆ ಒರಗಿಸಿದರು. ಇನ್ನು ಬಳಸದೆ ಎತ್ತಿಡುವ ಪಾತ್ರೆಯನ್ನು ಹಾಗೆ ತೊಳೆಯುತ್ತಾರೆ.

ದೀಪ ಹಚ್ಚಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಏನೋ ಕೇಳಬೇಕು ಅನ್ನುವಂತೆ ಬಾಯಿ ತೆರೆದು ಮುಚ್ಚಿದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಾನು ಹೋಳಿಗೆಯ ಕಣಕ ನಾದುತ್ತಿದ್ದೆ, ಎರಡೂ ಕೈಗೆ ಹಿಟ್ಟು. ಅವರೇ ಎತ್ತಿದರು. ಸೆರಗು ಸರಿ ಮಾಡಿಕೊಂಡು, ಉಸಿರು ಎಳೆದುಕೊಂಡು, ಒಲೆಯ ಮುಂದೆ ಕಲಿತದ್ದನ್ನೆಲ್ಲ ಒಟ್ಟು ಮಾಡಿಕೊಂಡು ಶುರು ಮಾಡಿದರು.

“ಅಲೋ... ಉರಿಟ್ಟು.”

ಆಚೆಯವರಿಗೆ ಎಷ್ಟು ಬೇಕಿತ್ತೋ, “ಊಂ, ಊಂ” ಅನ್ನುತ್ತ ಕೇಳಿಸಿಕೊಂಡರು. ಫೋನು ಇಟ್ಟು ನನ್ನ ಕಡೆ ತಿರುಗಿದರು. ಬಾಗಿಲು ಹಾಕುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

“ಅಮ್ಮಿ, ಅಬ್ಬ ಅಂತ ಬುಡಾದಾ? ಇಲ್ಲ ನಾಳೀಕೂ ನೆನಾಕ್ಲಾ?”

“ನೆನಾಕಿ ಅತ್ತೆ.”

“ಎಷ್ಟು?”

ಎರಡು ಸೇರು ಅಂದೆ. ಅವರು ರಾಗಿ ಅಳೆದು ಪಾತ್ರೆಗೆ ಸುರಿದರು, ನಾನು ಕಣಕದ ಕಡೆ ತಲೆ ಬಗ್ಗಿಸಿದೆ ಅಂತ ನೋಡಿಕೊಂಡು, ಇನ್ನೊಂದು ಹಿಡಿ ಹಾಕಿದರು.